ಹಾಲಲ್ಲಿನ ಕರು ತಂದು ನಾಕಲ್ಲಿಗೆ ಜೊತೆ ಮಾಡುವುದು: ಹಳ್ಳಿಕಾರ್ ಸಾಕಣೆಯಲ್ಲಿ ನನ್ನ ಅನುಭವ

ತುಮಕೂರು, ಹಾಸನ, ಮಂಡ್ಯ, ಮೈಸೂರು ಸೀಮೆಯಲ್ಲಿ ಹಳ್ಳಿಕಾರ್ ತಳಿಯ ದನದ ಬಾಳು ಒಂದೇ ಮನೆಯಲ್ಲಿ ಕಳೆಯುವುದಿಲ್ಲ. ಹಸು ಕಟ್ಟಿ ಕರು ಹಾಕಿಸುವವರು ಒಬ್ಬರು. ಆ ಹೋರಿಗರುವನ್ನು ಜಾತ್ರೆಯಲ್ಲಿ ಕೊಂಡು, ಜೊತೆ ಮಾಡಿ, ಪಳಗಿಸಿ ಮಾರುವವರು ಇನ್ನೊಬ್ಬರು. ಕೊನೆಗೆ ಹೂಡುವ ರೈತ ಮತ್ತೊಬ್ಬ. ನಮ್ಮ ಮನೆಯದು ನಡುವಿನ ಕೆಲಸ. ವರ್ಷದೊಳಗಿನ ಕರು ತಂದು, ಎರಡು ಹಲ್ಲು ಇಲ್ಲವೆ ನಾಲ್ಕು ಹಲ್ಲಿಗೆ ಮಾರುವುದು. ದನದ ವಯಸ್ಸು ಹಲ್ಲಿನ ಲೆಕ್ಕದಲ್ಲಿ: ಹಾಲುಹಲ್ಲು ಬಿದ್ದು ಬರುವ ಶಾಶ್ವತ ಹಲ್ಲು ಎರಡಾದರೆ ಎರಡಲ್ಲು, ನಾಲ್ಕಾದರೆ ನಾಕಲ್ಲು.

ಈ ಕೆಲಸದಲ್ಲಿ ದುಡ್ಡು ಕಾಣುವುದು ಕಾಲಿನಲ್ಲಿ ಮತ್ತು ಹೆಗಲಿನಲ್ಲಿ. ಮೈ ತುಂಬಿಸಿದರೆ ಸಾಕು ಅಂತ ಹಿಂಡಿ ಸುರಿಯುವವರು ಬಹಳ ಜನ. ಅಂಥ ಜೊತೆ ಕಟ್ಟಿದ ಜಾಗದಲ್ಲಿ ಚೆಂದ ಕಾಣುತ್ತದೆ, ನಡೆಸಿದ ಕೂಡಲೇ ಕೊಳ್ಳುವವನ ಮುಖ ಬಾಡುತ್ತದೆ. ಆದ್ದರಿಂದ ಕರು ಆರಿಸುವ ದಿನದಿಂದ ಮಾರುವ ದಿನದವರೆಗೆ ನಾವು ನೋಡಿಕೊಳ್ಳುವುದು ನಡಿಗೆಯನ್ನೇ.

ಕರು ಕೊಳ್ಳಲು ಸುಗ್ಗಿ ಮುಗಿದ ಮೇಲಿನ ಜಾತ್ರೆಗಳೇ ಸರಿ. ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಮುಡುಕುತೊರೆ, ಶಿವರಾತ್ರಿಯ ಸಿದ್ಧಗಂಗೆ, ಒಂದರ ಹಿಂದೆ ಒಂದು ಬರುತ್ತವೆ. ಕರುವನ್ನು ಮೊದಲು ಹಿಂದಿನಿಂದ ನೋಡಿ. ಹಿಂಗಾಲಿನ ಮಂಡಿಗಳು ಒಂದಕ್ಕೊಂದು ತಗುಲಬಾರದು. ಗೊರಸು ಕಪ್ಪಗೆ, ಗಟ್ಟಿಯಾಗಿ, ಎರಡು ಹೋಳು ಕೂಡಿಕೊಂಡಿರಬೇಕು. ಅಗಲಿಸಿದ ಗೊರಸು ಮುಂದೆ ಲಾಳ ಹಿಡಿಯುವುದಿಲ್ಲ. ಆಮೇಲೆ ಮುಖ: ಉದ್ದವಾಗಿ ಕಿರಿದಾಗಿ, ಹಣೆಯ ನಡುವೆ ಗೆರೆಯಂತೆ ತಗ್ಗು. ಕೊಂಬು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ನೇರ ಹೋಗುವಂತಿರಬೇಕು. ಗಂಗೆದೊಗಲು, ಅಂದರೆ ಕೊರಳ ಕೆಳಗೆ ಜೋಲುವ ತೊಗಲು, ತೆಳ್ಳಗಿರಬೇಕು, ಹೊಕ್ಕಳ ಕೆಳಗಿನ ತೊಗಲು ಜೋಲಬಾರದು. ಹೊಕ್ಕಳಲ್ಲಿ ಗಂಟು ಕೈಗೆ ಸಿಕ್ಕರೆ ಬೆಲೆ ಎಷ್ಟೇ ಇಳಿದರೂ ಬಿಟ್ಟು ಬನ್ನಿ, ಅದು ಕರುಳು ಇಳಿದ ಗಂಟಾಗಿರಬಹುದು. ಸುಳಿ ನೋಡುವುದು ಹಿರಿಯರ ಲೆಕ್ಕ. ನನಗೆ ಅದರಲ್ಲಿ ನಂಬಿಕೆ ಕಡಿಮೆ, ಆದರೆ ಕೊಳ್ಳುವವರಿಗೆ ಇದೆ. ಕೆಟ್ಟ ಸುಳಿ ಅನ್ನಿಸಿಕೊಂಡದ್ದನ್ನು ತಂದರೆ ಮಾರುವಾಗ ಅಷ್ಟೇ ಕಳೆದುಕೊಳ್ಳಬೇಕಾಗುತ್ತದೆ.

ನೀರು ಕುಡಿಸಿ ಹೊಟ್ಟೆ ಉಬ್ಬಿಸಿ ನಿಲ್ಲಿಸಿರುತ್ತಾರೆ, ಅದಕ್ಕೆ ಹೊಟ್ಟೆ ನೋಡದೆ ಬೆನ್ನ ಮೇಲೆ ಕೈಯಾಡಿಸಿ. ಇಪ್ಪತ್ತು ಮಾರು ನಡೆಸಿ, ತಿರುಗಿಸಿ, ಮತ್ತೆ ನಡೆಸಿ. ತಿರುಗುವಾಗ ಕುಂಟು ಬಯಲಾಗುತ್ತದೆ.

ಜೊತೆಗೆ ಬಣ್ಣಕ್ಕಿಂತ ಎತ್ತರ ಮುಖ್ಯ. ಬೂದು ಬಣ್ಣದ ಕರು ಬೆಳೆಯುತ್ತಾ ಹೆಗಲು, ತೊಡೆಯ ಕಡೆ ಕಪ್ಪಾಗುತ್ತದೆ. ಸಣ್ಣ ವ್ಯತ್ಯಾಸ ಅಲ್ಲೇ ಮುಚ್ಚಿಹೋಗುತ್ತದೆ. ಎತ್ತರದ ವ್ಯತ್ಯಾಸ ಮುಚ್ಚುವುದಿಲ್ಲ. ಎರಡು ಬೆರಳಿಗಿಂತ ಹೆಚ್ಚಿದ್ದರೆ ನೊಗ ಕುಳ್ಳಗಿನ ಕರುವಿನ ಕಡೆಗೇ ವಾಲುತ್ತದೆ, ಭಾರವೆಲ್ಲ ಅದರ ಹೆಗಲ ಮೇಲೆ ಬೀಳುತ್ತದೆ.

ಮನೆಗೆ ತಂದ ಕರುವನ್ನು 21 ದಿನ ಬೇರೆ ಕಡೆ ಕಟ್ಟಬೇಕು. ಮೊದಲ ವಾರ ಜಂತುಹುಳುವಿನ ಔಷಧ. ಫೆನ್‌ಬೆಂಡಜೋಲ್ ಆದರೆ ಕೆಜಿ ಮೈತೂಕಕ್ಕೆ 5ರಿಂದ 7.5 ಮಿಲಿಗ್ರಾಂ. ತೂಕ ಕಣ್ಣಂದಾಜಿಗೆ ಬಿಡಬೇಡಿ. ದರ್ಜಿಯ ಟೇಪಿನಲ್ಲಿ ಮುಂಗಾಲ ಹಿಂದೆ ಎದೆಯ ಸುತ್ತಳತೆ, ಹೆಗಲಿನ ಮೂಳೆಯಿಂದ ಪಿರ್ರೆಯ ಮೂಳೆವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಲೆಕ್ಕ. 48 ಇಂಚು ಸುತ್ತು, 40 ಇಂಚು ಉದ್ದದ ಕರು ಸುಮಾರು 140 ಕೆಜಿ ಬರುತ್ತದೆ. ತಿಂಗಳಿಗೊಮ್ಮೆ ಇದೇ ಟೇಪು ಹಿಡಿದರೆ ಮೇವು ಮೈಗೆ ಹತ್ತುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಲಸಿಕೆಯಲ್ಲಿ ನಾವು ಒಂದನ್ನೂ ಬಿಡುವುದಿಲ್ಲ. ಕಾಲುಬಾಯಿ ಜ್ವರಕ್ಕೆ 6 ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆ ರೋಗಕ್ಕೆ ಮುಂಗಾರಿಗೆ ಮುಂಚೆ ವರ್ಷಕ್ಕೊಮ್ಮೆ, ಚರ್ಮಗಂಟು ರೋಗಕ್ಕೂ ವರ್ಷಕ್ಕೊಮ್ಮೆ. ಚಪ್ಪೆ ರೋಗದ ವಿಷಯ ಒತ್ತಿ ಹೇಳುತ್ತೇನೆ. ಅದು ಬಡಕಲು ದನವನ್ನು ಹುಡುಕಿಕೊಂಡು ಬರುವುದಲ್ಲ. 6 ತಿಂಗಳಿಂದ 2 ವರ್ಷದ, ಚೆನ್ನಾಗಿ ತಿಂದು ಮೈದುಂಬಿದ ಕರುಗಳನ್ನೇ ಹಿಡಿಯುತ್ತದೆ. ತೊಡೆ ಅಥವಾ ಹೆಗಲು ಊದಿ, ಒತ್ತಿದರೆ ಒಳಗೆ ಗಾಳಿ ಪರಪರ ಅನ್ನುತ್ತದೆ. ಅಲ್ಲಿಗೆ ಬಂದ ಮೇಲೆ ಉಳಿಯುವುದು ಅಪರೂಪ. ನಾವು ಸಾಕುವುದು ಅದೇ ವಯಸ್ಸಿನ, ಅದೇ ಮೈಕಟ್ಟಿನ ಕರುಗಳನ್ನು. ಈ ಲಸಿಕೆ ತಪ್ಪಿಸುವುದೆಂದರೆ ಬಂಡವಾಳವನ್ನೇ ಬಯಲಿಗಿಟ್ಟಂತೆ.

ಇನ್ನು ಮೇವು. ಒಣ ಲೆಕ್ಕದಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಬೇಕು. 120 ಕೆಜಿ ಕರುವಿಗೆ 2 ಕೆಜಿ ರಾಗಿ ಹುಲ್ಲು, 5 ಕೆಜಿ ಹಸಿ ಮೇವು, ಮುಕ್ಕಾಲು ಕೆಜಿ ತಿಂಡಿ. ಎರಡಲ್ಲಿಗೆ ಬಂದು 230 ಕೆಜಿ ಆಸುಪಾಸು ಇದ್ದಾಗ 4 ಕೆಜಿ ಹುಲ್ಲು, 8ರಿಂದ 10 ಕೆಜಿ ಹಸಿ, ಒಂದೂಕಾಲರಿಂದ ಒಂದೂವರೆ ಕೆಜಿ ತಿಂಡಿ. ತಿಂಡಿ ನಾವೇ ಕಲಸುತ್ತೇವೆ: 100 ಕೆಜಿಗೆ ಮೆಕ್ಕೆಜೋಳದ ನುಚ್ಚು 35, ಕಡಲೆಕಾಯಿ ಹಿಂಡಿ 25, ಗೋಧಿ ಬೂಸಾ 37, ಖನಿಜ ಮಿಶ್ರಣ 2, ಉಪ್ಪು 1. ಹಿಂಡಿಯಲ್ಲಿ ಬೂಷ್ಟು ಕಂಡರೆ ಆ ಚೀಲವನ್ನೇ ಬಿಡುತ್ತೇವೆ. ಬಿಸಿಲಿಗೆ ಹಾಕಿದರೂ ಬೂಷ್ಟಿನ ವಿಷ ಹೋಗುವುದಿಲ್ಲ.

ಹುರುಳಿ ನಮ್ಮ ಸೀಮೆಯ ನಂಬಿಕೆಯ ಕಾಳು. ಒಂದು ಕರುವಿಗೆ ಕಾಲು ಕೆಜಿಯಿಂದ ಅರ್ಧ ಕೆಜಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸಿ ಆರಿಸಿ ಕೊಡುವುದು. ಆ ದಿನ ತಿಂಡಿಯನ್ನು ಅಷ್ಟೇ ಕಡಿಮೆ ಮಾಡುವುದು. ಒಣಹುರುಳಿ ಹಾಗೇ ಹಾಕಿದರೆ ಹೊಟ್ಟೆಯೊಳಗೆ ಉಬ್ಬುತ್ತದೆ, ಉಳಿದದ್ದು ಸಗಣಿಯಲ್ಲಿ ಇಡಿಯಾಗಿ ಬೀಳುತ್ತದೆ. ಒಂದು ಜೊತೆಗೆ ವರ್ಷಕ್ಕೆ ಮೂರು ಟನ್ ಆಸುಪಾಸು ಹುಲ್ಲು ಬೇಕಾಗುತ್ತದೆ, ಅಂದರೆ ಸುಮಾರು ಎರಡು ಎಕರೆ ರಾಗಿಯದು. ಸ್ವಂತ ಹುಲ್ಲಿನ ಮೆದೆ ಇಲ್ಲದೆ ಈ ಕೆಲಸಕ್ಕೆ ಇಳಿಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಕೊಂಡು ಹಾಕಿದರೆ ಲಾಭ ಅಲ್ಲೇ ಕರಗುತ್ತದೆ.

ಎರಡು ಅಪಾಯ ಗೋದಲಿಯಲ್ಲೇ ಇವೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ, ಇವುಗಳಲ್ಲಿ ವಿಷ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಬಾಯಲ್ಲಿ ನೊರೆ ಬಂದು, ಉಸಿರು ಮೇಲಾಗಿ ಬೀಳುತ್ತದೆ. ತಕ್ಷಣ ಪಶುವೈದ್ಯರು ರಕ್ತನಾಳಕ್ಕೆ ಔಷಧ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಜೋಳವನ್ನು ಹೂ ಬಂದ ಮೇಲೆಯೇ ಕೊಯ್ಯಬೇಕು. ಎರಡನೆಯದು ಮದುವೆ ಮನೆಯ ಮಿಕ್ಕ ಅನ್ನ. ಪ್ರೀತಿಯಿಂದ ಬಕೆಟ್‌ಗಟ್ಟಲೆ ಸುರಿಯುತ್ತಾರೆ. ಅದು ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ನೀರು ಸಗಣಿ ಹೋಗುತ್ತದೆ. ಬದುಕಿದರೂ ಗೊರಸಿನೊಳಗೆ ಉರಿ ಹತ್ತಿ ಮುಂಗಾಲು ಮುಂದಕ್ಕೆ ಚಾಚಿ ನಿಲ್ಲುತ್ತದೆ. ನುಚ್ಚು, ತಿಂಡಿ ಮಿತಿ ಮೀರಿದರೂ ಇದೇ ಕಥೆ, ನಿಧಾನವಾಗಿ ನಡೆಯುತ್ತದೆ ಅಷ್ಟೇ. ಮೈ ತುಂಬಿಸಲು ಹೋಗಿ ಕಾಲು ಕೆಡಿಸುವುದು ಎಂದರೆ ಇದು.

ಮೂಗು ಚುಚ್ಚಿಸುವುದು ಒಂದರಿಂದ ಒಂದೂವರೆ ವರ್ಷದೊಳಗೆ, ನೊಣ ಕಡಿಮೆ ಇರುವ ಚಳಿಗಾಲದಲ್ಲಿ. ಎರಡು ಹೊಳ್ಳೆಯ ನಡುವೆ ಬೆರಳಿಟ್ಟು ಒತ್ತಿದರೆ ಒಳಗಡೆ ಗಟ್ಟಿ ಮೂಳೆಯಂಥದ್ದು ಸಿಗುತ್ತದೆ, ಅದರ ಮುಂದೆ ತೆಳುವಾದ ಮೆತ್ತನೆ ಜಾಗ. ಚುಚ್ಚಬೇಕಾದ್ದು ಆ ಮೆತ್ತನೆ ಜಾಗದಲ್ಲಿ. ಗಟ್ಟಿ ಭಾಗದಲ್ಲಿ ಚುಚ್ಚಿದರೆ ಗಾಯ ಒಣಗುವುದಿಲ್ಲ. ತೀರಾ ಮುಂದೆ ಚುಚ್ಚಿದರೆ ಒಂದು ಜಗ್ಗಿಗೆ ಹರಿಯುತ್ತದೆ. ಸೂಜಿಯನ್ನು ಕುದಿಸಿ, ಜಾಗಕ್ಕೆ ಟಿಂಚರ್ ಅಯೋಡಿನ್ ಹಚ್ಚಿ, ನುಣುಪಾದ ಹತ್ತಿ ದಾರವನ್ನು ಬೇವಿನೆಣ್ಣೆಯಲ್ಲಿ ಅದ್ದಿ ಪೋಣಿಸುತ್ತೇವೆ. ಮೊದಲ ದಿನಕ್ಕೇ ನೈಲಾನ್ ಹಾಕಿದರೆ ಮಾಂಸ ಕೊಯ್ಯುತ್ತದೆ. ಧನುರ್ವಾಯು ಚುಚ್ಚುಮದ್ದು ಅದೇ ದಿನ. ಎರಡು ವಾರ ಮೂಗುದಾರಕ್ಕೆ ಕೈ ಹಾಕದೆ, ಕೊರಳ ಕಣ್ಣಿಯಲ್ಲೇ ಹಿಡಿದು ನಡೆಸುವುದು.

ಪಳಗಿಸುವುದಕ್ಕೆ ಅವಸರ ಪಟ್ಟಷ್ಟೂ ನಷ್ಟ. ತಂದ ಕರುವಿಗೆ ಮೇವು ಹಾಕುವ ಕೈ, ಮೈ ತೊಳೆಯುವ ಕೈ, ಹಗ್ಗ ಹಿಡಿಯುವ ಕೈ ಒಂದೇ ಮನೆಯದಾದರೆ ಅರ್ಧ ಕೆಲಸ ಆದಂತೆ. ನಮ್ಮಲ್ಲಿ ಹುರುಳಿ ಬೇಯಿಸಿ ಹಾಕುವ ಹೆಣ್ಣುಮಕ್ಕಳ ದನಿಗೇ ಕರುಗಳು ಮೊದಲು ಒಲಿಯುವುದು. ದಿನಾ ಸಂಜೆ ಒಂದೊಂದನ್ನೇ ಹಗ್ಗದಲ್ಲಿ ಹಿಡಿದು ಊರ ದಾರಿಯಲ್ಲಿ ನಡೆಸುತ್ತೇವೆ. ಬಸ್ಸು, ಟ್ರ್ಯಾಕ್ಟರು, ತಮಟೆ ಸದ್ದು ಅಭ್ಯಾಸವಾಗಬೇಕು.

ಎರಡು ಹಲ್ಲು ಮೂಡುವುದು ಎರಡು, ಎರಡೂವರೆ ವರ್ಷಕ್ಕೆ. ಆಗ ನೊಗ. ಮೊದಲು ಪಳಗಿದ ಹಳೇ ಎತ್ತಿನ ಪಕ್ಕಕ್ಕೆ ಕಟ್ಟಿ, ಬರೀ ನೊಗದಲ್ಲಿ ನಡೆಸುವುದು. ಎಡಗೋಲಿಗೆ (ನೊಗದ ಎಡಬದಿಗೆ) ಯಾವುದು, ಬಲಗೋಲಿಗೆ ಯಾವುದು ಅಂತ ಆ ವಾರವೇ ತೀರ್ಮಾನಿಸಬೇಕು. ಮನುಷ್ಯನ ಕಡೆಗೆ ಒರಗಿ ನಡೆಯುವುದು ಯಾವುದೆಂದು ಗಮನಿಸಿ ಕಟ್ಟುತ್ತೇವೆ. ಕಟ್ಟಿದ ಮೇಲೆ ಪಕ್ಕ ಬದಲಾಯಿಸಿದರೆ ಎರಡೂ ಗೊಂದಲಕ್ಕೆ ಬೀಳುತ್ತವೆ. ಆಮೇಲೆ ಎರಡು ಕರುಗಳನ್ನೇ ಕೂಡಿಸಿ, ಉತ್ತ ಮೆತ್ತನೆ ಹೊಲದಲ್ಲಿ ನಡೆಸುವುದು. ಅಲ್ಲಿ ಓಡಿದರೂ ಬೇಗ ದಣಿಯುತ್ತವೆ, ಬಿದ್ದರೂ ಮಂಡಿ ತರಚುವುದಿಲ್ಲ. ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ಬೆಳಗಿನ ತಂಪಿನಲ್ಲಿ ಮಾತ್ರ. ಮುಂದಿನ ಹಂತ 10, 15 ಕೆಜಿಯ ಮರದ ದಿಮ್ಮಿ ಎಳೆಸುವುದು; ಹಿಂದೆ ಸದ್ದು ಮಾಡುತ್ತಾ ಬರುವುದಕ್ಕೆ ಹೆದರುವುದು ನಿಂತ ಮೇಲೆ ಖಾಲಿ ಗಾಡಿ. ಸುಸ್ತಾಗಿ ಮಲಗಿದ ಕರುವಿನ ಬಾಲ ಕಚ್ಚುವುದು, ಮುಳ್ಳುಕೋಲು ಚುಚ್ಚುವುದು ನಮ್ಮಲ್ಲಿ ಇಲ್ಲ. ಹೊಡೆತಕ್ಕೆ ಎದ್ದ ಕರು ಜೀವಮಾನವಿಡೀ ಮಲಗುವ ಚಾಳಿ ಕಲಿಯುತ್ತದೆ. ನೊಗ ಬಿಚ್ಚಿ, ನಿಲ್ಲಿಸಿ, ಮಾರನೇ ದಿನ ಅರ್ಧ ಹೊತ್ತು ನಡೆಸಿದರೆ ಸಾಕು. ನಾಲ್ಕು ಹಲ್ಲಾಗುವವರೆಗೆ ನೇಗಿಲು, ತುಂಬಿದ ಗಾಡಿ ಬೇಡವೇ ಬೇಡ.

ಹೆಗಲು ಊದುವುದು ಹೊಸ ಜೊತೆಗೆ ಸಾಮಾನ್ಯ. ಒದ್ದೆ ನೊಗ, ಒರಟು ನೊಗ, ಜತ್ತಿಗೆ (ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿ) ಸಡಿಲಾಗಿ ನೊಗ ಹಿಂದೆಮುಂದೆ ಆಡುವುದು, ಇವೇ ಮುಖ್ಯ ಕಾರಣ. ನೊಗ ಕೂರುವ ಜಾಗವನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ ಎಣ್ಣೆ ಬಿಡಿ. ನಡೆಸಿದ ಮೇಲೆ ದಿನಾ ಹೆಗಲನ್ನು ಅಂಗೈಯಿಂದ ಮುಟ್ಟಿ ನೋಡಿ. ಬಿಸಿ ಹತ್ತಿದರೆ ಅಂದಿಗೇ ನೊಗ ಬಂದ್, ತಣ್ಣೀರ ಬಟ್ಟೆ, ಇಳಿಯುವವರೆಗೆ ವಿಶ್ರಾಂತಿ. ಊತದ ಮೇಲೆ ಹೂಡಿದರೆ ತೊಗಲು ಗಟ್ಟಿಯಾಗಿ ಗಂಟು ನಿಲ್ಲುತ್ತದೆ, ಆ ಗಂಟನ್ನು ಜಾತ್ರೆಯಲ್ಲಿ ಯಾವ ಅರಿಶಿನವೂ ಮುಚ್ಚುವುದಿಲ್ಲ.

ಬೀಜ ಒತ್ತಿಸುವುದನ್ನು ವರ್ಷದೊಳಗೆ ಮಾಡಿಸಿದರೆ ಬೆನ್ನ ಮೇಲಿನ ಹಿಣಿಲು, ಕತ್ತು ತುಂಬಿಕೊಳ್ಳುವುದಿಲ್ಲ. ತೀರಾ ತಡವಾದರೆ ಜೊತೆಯೊಳಗೇ ಹಾಯ್ದಾಟ ಶುರುವಾಗುತ್ತದೆ. ಎರಡಲ್ಲು ಮೂಡಿ, ಕತ್ತು ತುಂಬಿದ ಹೊತ್ತು ನಮಗೆ ಸರಿ. ಪಶುವೈದ್ಯರಿಂದ ಇಕ್ಕಳದಲ್ಲೇ ಮಾಡಿಸಬೇಕು, ಒಂದೊಂದು ಬೀಜದ ನರವನ್ನು ಬೇರೆ ಬೇರೆಯಾಗಿ. ಕಲ್ಲಿನಿಂದ ಜಜ್ಜುವ ಹಳೇ ಪದ್ಧತಿ ಕ್ರೂರ, ಕೀವು ತುಂಬುವ ಅಪಾಯ ಬೇರೆ.

ಟಾರು ರಸ್ತೆಯಲ್ಲಿ ನಡೆಯುವ ಜೊತೆಗೆ ಲಾಳ ಬೇಕು. ಕಾಲಿಗೆ ಎರಡರಂತೆ ಒಂದಕ್ಕೆ 8. ಲಾಳ ಹೊಡೆಯಲು ಕೆಡವುವ ಮುಂಚೆ ಹೊಟ್ಟೆ ಖಾಲಿ ಇರಲಿ, ನೆಲ ಮೆತ್ತಗಿರಲಿ. ಮೊಳೆ ಹೊರಗೋಡೆಯಲ್ಲಿ ಓರೆಯಾಗಿ ಹೊರಬರಬೇಕು. ಮಾರನೇ ದಿನ ಕುಂಟಿದರೆ, ಗೊರಸು ಬಿಸಿಯಿದ್ದರೆ ಮೊಳೆ ಗೊರಸಿನೊಳಗಿನ ಜೀವಮಾಂಸಕ್ಕೆ ತಗುಲಿದೆ ಅಂತಲೇ ತಿಳಿದು ಆ ಲಾಳ ಕೀಳಿಸಿ, ತೂತಿಗೆ ಅಯೋಡಿನ್ ಬಿಡಿ.

ಮಾರುವ ಜಾತ್ರೆಗೆ ಒಂದು ತಿಂಗಳ ಮುಂಚೆ ಲಸಿಕೆ ಬಾಕಿ ಇದ್ದರೆ ಮುಗಿಸಿ, ಕಿವಿಯ 12 ಅಂಕಿಯ ಗುರುತಿನ ಓಲೆ, ಪಶುವೈದ್ಯರ ಆರೋಗ್ಯ ಪತ್ರ ಸಿದ್ಧ ಮಾಡಿಕೊಳ್ಳಿ. ಕೊಂಬು ಹೆರೆಯುವುದನ್ನು ಹಗುರ ಮಾಡಿ. ಹೊಳಪಿಗಾಗಿ ಆಳಕ್ಕೆ ಹೆರೆದರೆ ಕೊಂಬು ತೆಳುವಾಗಿ ಒಂದು ಏಟಿಗೆ ಸೀಳುತ್ತದೆ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ಇನ್ನೂ ಇದೆ. ದಲ್ಲಾಳಿಯ ಬೆರಳು ಹಿಡಿಯುವ ಮುಂಚೆ ಕೊಳ್ಳುವವನ ಮುಂದೆ ಜೊತೆಯನ್ನು ನೊಗದಲ್ಲಿ ನಡೆಸಿ ತೋರಿಸಿ, ಗಾಡಿಗೂ ಹೂಡಿ ತೋರಿಸಿ. ಎಡಗೋಲು ಬಲಗೋಲು ಯಾವುದು, ಯಾವುದಕ್ಕೆ ಏನು ಹೆದರಿಕೆ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಮುಂದಿನ ವರ್ಷ ಅದೇ ಜಾತ್ರೆಗೆ ಅದೇ ಜನ ಬರುತ್ತಾರೆ.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಜಾನುವಾರು ಸಂತೆ, ಜಾತ್ರೆಗಳು ನಿಂತವು. ಅಂಥ ವರ್ಷ ಮತ್ತೆ ಬರಬಹುದು, ಆದ್ದರಿಂದ ಒಂದು ಜಾತ್ರೆ ತಪ್ಪಿದರೂ ಇನ್ನೊಂದು ಸುಗ್ಗಿವರೆಗೆ ಸಾಕುವಷ್ಟು ಹುಲ್ಲು ಮೆದೆಯಲ್ಲಿ ಉಳಿಸಿಕೊಂಡೇ ನಾವು ಹೊರಡುವುದು. ಮಾರಾಟವಾಗದೆ ವಾಪಸ್ ಬಂದ ಜೊತೆಯನ್ನೂ ಹೊಸ ಕರುಗಳಂತೆಯೇ 21 ದಿನ ಬೇರೆ ಕಟ್ಟುತ್ತೇವೆ. ಅವುಗಳ ಬಕೆಟ್, ಹಗ್ಗ, ಪೊರಕೆ ಬೇರೆ. ಮೇವು ಹಾಕುವುದು ಉಳಿದ ದನಗಳಿಗೆಲ್ಲ ಹಾಕಿ ಮುಗಿದ ಮೇಲೆ.