ಬಗ್ಗಿದ ನೈಟಿನಾಲ್ ತಂತಿ ವಾಪಸ್ ಬರದಿದ್ದಾಗ

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಸಣ್ಣ ವರ್ಕ್‌ಶಾಪ್‌ನಲ್ಲಿ ನೈಟಿನಾಲ್ ತಂತಿಗೆ (ಕೊಟ್ಟ ಆಕಾರವನ್ನು ನೆನಪಿಟ್ಟುಕೊಳ್ಳುವ ನಿಕಲ್-ಟೈಟಾನಿಯಂ ಮಿಶ್ರಲೋಹ) ಕೊಕ್ಕೆಯ ಆಕಾರ ಕೊಡುತ್ತಿದ್ದೆ. ಹಿಡಿದು ಬಗ್ಗಿಸಿ ಬಿಟ್ಟರೆ ಪಟ್ಟನೆ ವಾಪಸ್ ಬರಬೇಕು, ಅಲ್ವಾ? ಬಗ್ಗಿದ ಹಾಗೇ ಉಳಿಯಿತು. ತಂತಿಯೇ ಕೆಟ್ಟದ್ದು ಅಂದುಕೊಂಡೆ. ಆದರೆ ಚಹಾಕ್ಕೆ ಕಾಯಿಸಿದ್ದ ನೀರಿನಲ್ಲಿ ಅದ್ದಿದ ಕೂಡಲೇ ಕೊಕ್ಕೆ ತಾನಾಗೇ ಸರಿಯಾಯಿತು! ನೆನಪು ಹೋಗಿಲ್ಲ, ಅದು ಮರಳುವ ತಾಪಮಾನ ಏರಿದೆ ಅಷ್ಟೇ.

ತಪ್ಪು ಫರ್ನೇಸ್ ಕೆಲಸದಲ್ಲಿತ್ತು. ಆಕಾರ ಚೆನ್ನಾಗಿ ಕೂರಲಿ ಅಂತ 450 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟಿದ್ದೆ. ಈ ತಂತಿಯಲ್ಲಿ ನೂರಕ್ಕೆ 50.8 ಪರಮಾಣು ನಿಕಲ್, ಉಳಿದದ್ದು ಟೈಟಾನಿಯಂ. ಆ ಜಾಸ್ತಿ ನಿಕಲ್ ಬಿಸಿಯಲ್ಲಿ ಸುಮ್ನೆ ಇರುವುದಿಲ್ಲ. ನಾಲ್ಕು ನಿಕಲ್‌ಗೆ ಮೂರು ಟೈಟಾನಿಯಂ ಸೇರಿ ಲೆನ್ಸ್ ಆಕಾರದ ನ್ಯಾನೊ ಕಣಗಳಾಗುತ್ತವೆ. ಕಣ ಬೆಳೆದಷ್ಟೂ ಸುತ್ತಲಿನ ಲೋಹದಲ್ಲಿ ನಿಕಲ್ ಕಮ್ಮಿ. ಶೇಕಡಾ 0.1ರಷ್ಟು ಕಮ್ಮಿಯಾದರೂ ಲೋಹದ ಒಳರಚನೆ ಬದಲಾಗಿ ಆಕಾರ ಮರಳುವ ತಾಪಮಾನ ಸುಮಾರು 10 ಡಿಗ್ರಿ ಮೇಲೇರುತ್ತದೆ.

ಧಾರವಾಡದ ಗೆಳೆಯರೊಬ್ಬರು ಡಿಎಸ್‌ಸಿ ಪರೀಕ್ಷೆ (ಬಿಸಿ ಮಾಡಿ ತಣಿಸುವಾಗ ಲೋಹ ಎಷ್ಟು ಶಾಖ ಹೀರುತ್ತದೆ, ಬಿಡುತ್ತದೆ ಅಂತ ಅಳೆಯುವುದು) ಮಾಡಿಕೊಟ್ಟರು. ತಣಿಸುವಾಗ ಗ್ರಾಫ್‌ನಲ್ಲಿ ಒಂದರ ಬದಲು ಎರಡು ಶಿಖರ. ಕಣಗಳ ಸುತ್ತಲಿನ ಎಳೆತದಿಂದ ಲೋಹ ನೇರವಾಗಿ ಮಾರ್ಟೆನ್ಸೈಟ್ (ತಣ್ಣಗಿರುವಾಗಿನ, ಸುಲಭವಾಗಿ ಬಗ್ಗುವ ಒಳರಚನೆ) ಆಗದೆ, ನಡುವೆ ಆರ್-ಹಂತ ಅನ್ನುವ ಇನ್ನೊಂದು ಒಳರಚನೆಯಲ್ಲಿ ನಿಲ್ಲುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಹೊಸ ತುಂಡನ್ನು ಜಿಗ್‌ಗೆ (ಆಕಾರ ಹಿಡಿದಿಡುವ ಚೌಕಟ್ಟು) ಬಿಗಿದು 500 ಡಿಗ್ರಿಯಲ್ಲಿ ಹತ್ತೇ ನಿಮಿಷ ಇಟ್ಟೆ. ತೆಗೆದ ತಕ್ಷಣ ತಣ್ಣೀರಿಗೆ. ಕಣಗಳು ಪೂರ್ತಿ ಬೇಡ ಅಂತಲ್ಲ, ಸಣ್ಣವು ತಂತಿಗೆ ಬಲ ಕೊಡುತ್ತವೆ. ಈಗ ಬೆರಳಿಗೆ ಸುತ್ತಿ ಬಿಟ್ಟರೆ ಕೊಕ್ಕೆ ಚಟ್ಟನೆ ಮರಳುತ್ತದೆ.