ಸರ್ವೀಸ್‌ಗಾರ್ಡ್ ಪ್ಯಾಕೇಜ್: ಎಬ್ಬಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ

ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಎರಡು ಎಚ್‌ಪಿ-ಯುಎಕ್ಸ್ ಸರ್ವರ್‌ಗಳಿವೆ, ಹೆಸರು ಸ್ವರ್ಣಾ ಮತ್ತು ಸೀತಾ ಎಂದಿಟ್ಟುಕೊಳ್ಳಿ. ಎರಡಕ್ಕೂ ಕಾಣುವ ಒಂದೇ ಸ್ಟೋರೇಜ್, ಅದರ ಮೇಲೆ ಒರಾಕಲ್ ಡೇಟಾಬೇಸ್. ಒಂದು ಕೆಟ್ಟರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ ಸರ್ವೀಸ್‌ಗಾರ್ಡ್ ತಂತ್ರಾಂಶ ಎರಡನ್ನೂ ಜೋಡಿಸಿದ ಕ್ಲಸ್ಟರ್ ಆಗಲೇ ಎದ್ದಿದೆ, ಎರಡರ ನಡುವಿನ ಸಂಪರ್ಕ ಕಡಿದರೆ ಯಾವುದು ಮುಂದುವರಿಯಬೇಕೆಂದು ತೀರ್ಮಾನಿಸುವ ಲಾಕ್ ಡಿಸ್ಕ್ ಇದೆ. ಈಗ ಪ್ಯಾಕೇಜ್ ಕಟ್ಟಬೇಕು, ಅಂದರೆ ಡೇಟಾಬೇಸ್, ಅದರ ಡಿಸ್ಕು, ಐಪಿ ಎಲ್ಲ ಒಟ್ಟಿಗೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ಕಟ್ಟು. ಇಲ್ಲಿರುವುದು ಹಳೆಯ ಶೈಲಿಯ, ಎಬ್ಬಿಸುವ-ನಿಲ್ಲಿಸುವ ಕಂಟ್ರೋಲ್ ಸ್ಕ್ರಿಪ್ಟ್ ಬೇರೆಯೇ ಇರುವ ಪ್ಯಾಕೇಜ್. ಸರ್ವೀಸ್‌ಗಾರ್ಡ್ 11.18ರಿಂದ ಬಂದ ಮಾಡ್ಯುಲರ್ ಪ್ಯಾಕೇಜಿಗೆ ಪ್ರತ್ಯೇಕ ಸ್ಕ್ರಿಪ್ಟ್ ಬೇಕಿಲ್ಲ. ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದೆ.

ಮೊದಲು ಇಟಿಸಿ ಅಡಿಯ ಸಿಎಂಕ್ಲಸ್ಟರ್ ಫೋಲ್ಡರಿನಲ್ಲಿ ‘ಲೆಕ್ಕ’ ಎಂಬ ಫೋಲ್ಡರ್ ಮಾಡಿ. ಸಿಎಂಮೇಕ್‌ಪಿಕೆಜಿಗೆ ‘ಪಿ’ ಆಯ್ಕೆ ಕೊಟ್ಟರೆ ಕಾನ್ಫಿಗರೇಶನ್ ಫೈಲ್, ‘ಎಸ್’ ಕೊಟ್ಟರೆ ಕಂಟ್ರೋಲ್ ಸ್ಕ್ರಿಪ್ಟಿನ ಮಾದರಿ ಸಿಗುತ್ತದೆ. ಕಾನ್ಫಿಗರೇಶನ್‌ನಲ್ಲಿ ಪ್ಯಾಕೇಜಿನ ಹೆಸರು, ನೋಡ್‌ಗಳು (ಅಂದರೆ ಆ ಎರಡು ಸರ್ವರ್‌ಗಳು, ಮೊದಲು ಬರೆದದ್ದಕ್ಕೆ ಆದ್ಯತೆ), ರನ್ ಮತ್ತು ಹಾಲ್ಟ್ ಸ್ಕ್ರಿಪ್ಟಿನ ದಾರಿ (ಎರಡೂ ಒಂದೇ ಫೈಲ್), ಸರ್ವೀಸ್ ಹೆಸರು (ಸರ್ವೀಸ್ ಎಂದರೆ ಕ್ಲಸ್ಟರ್ ನಿಗಾ ಇಡುವ ಪ್ರೊಸೆಸ್), ಸಬ್‌ನೆಟ್ ತುಂಬಿ. ಸರ್ವೀಸ್ ಹೆಸರು ಎರಡೂ ಫೈಲಿನಲ್ಲಿ ಅಕ್ಷರಶಃ ಒಂದೇ ಇರಬೇಕು.

ಕಂಟ್ರೋಲ್ ಸ್ಕ್ರಿಪ್ಟಿನಲ್ಲಿ ವಾಲ್ಯೂಮ್ ಗ್ರೂಪ್ (ಡಿಸ್ಕುಗಳ ಗುಂಪು), ಲಾಜಿಕಲ್ ವಾಲ್ಯೂಮ್ (ಆ ಗುಂಪಿನ ಒಂದು ಭಾಗ), ಮೌಂಟ್ ಪಾಯಿಂಟ್ (ಅದು ತೆರೆದುಕೊಳ್ಳುವ ಫೋಲ್ಡರ್), ಪ್ಯಾಕೇಜಿನ ಐಪಿ, ಸರ್ವೀಸ್ ಕಮಾಂಡ್ ಬರೆಯಿರಿ. ಸ್ಕ್ರಿಪ್ಟ್ ಇದೇ ಕ್ರಮದಲ್ಲಿ ಎಬ್ಬಿಸಿ, ಕೊನೆಗೆ ನಿಮ್ಮ ಕಮಾಂಡುಗಳನ್ನು ನಡೆಸಿ ಸರ್ವೀಸ್ ಶುರು ಮಾಡುತ್ತದೆ, ನಿಲ್ಲಿಸುವಾಗ ಹಿಂದುಮುಂದು. ಈ ಡಿಸ್ಕುಗಳು ಬೂಟ್ ಆಗುವಾಗ ತಾವಾಗಿ ಮೌಂಟ್ ಆಗಬಾರದು, ಆ ಐಪಿಯೂ ಯಾವ ನೋಡಿನ ಸ್ವಂತ ವಿಳಾಸವಾಗಿರಬಾರದು.

ಸರ್ವೀಸ್ ಕಮಾಂಡ್ ಮುಗಿಯದೆ ಓಡುತ್ತಿರಬೇಕು. ಡೇಟಾಬೇಸ್ ಶುರು ಮಾಡಿ ಹೊರಬರುವ ಸ್ಕ್ರಿಪ್ಟನ್ನು ಅಲ್ಲಿ ಇಟ್ಟರೆ, ಅದು ಮುಗಿದ ಕ್ಷಣವೇ ಸರ್ವೀಸ್ ಸತ್ತಿತೆಂದು ಕ್ಲಸ್ಟರ್ ತಿಳಿಯುತ್ತದೆ. ಶುರು ಮಾಡುವ ಕೆಲಸ ‘ಕಸ್ಟಮರ್ ಡಿಫೈನ್ಡ್ ರನ್’ ಭಾಗಕ್ಕೆ. ಸರ್ವೀಸ್ ಆಗಿ 30 ಸೆಕೆಂಡಿಗೊಮ್ಮೆ ಪಿಮೋನ್ (ಒರಾಕಲ್ ಎದ್ದಿರುವಷ್ಟು ಹೊತ್ತೂ ಓಡುವ ಅದರ ಹಿನ್ನೆಲೆ ಪ್ರೊಸೆಸ್) ಇದೆಯೇ ಎಂದು ನೋಡುವ ಲೂಪ್ ಸಾಕು. ಪ್ರೊಸೆಸ್ ಪಟ್ಟಿಯಲ್ಲಿ ಆ ಹೆಸರು ಹುಡುಕುವ ಗ್ರೆಪ್ ಕಮಾಂಡ್ ತನ್ನನ್ನೇ ಹುಡುಕಿಕೊಳ್ಳದಂತೆ ನೋಡಿ. ಇಲ್ಲದಿದ್ದರೆ ಡೇಟಾಬೇಸ್ ಸತ್ತರೂ ನಿಗಾ ಸ್ಕ್ರಿಪ್ಟಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದೇ ರನ್ ಭಾಗದ ಕೊನೆಯಲ್ಲಿ ಟೆಸ್ಟ್ ರಿಟರ್ನ್ 51 ಎಂಬ ಸಾಲಿದೆ. ಅದು ತನ್ನ ತಕ್ಷಣ ಹಿಂದಿನ ಕಮಾಂಡಿನ ಫಲಿತಾಂಶವನ್ನಷ್ಟೇ ನೋಡುತ್ತದೆ. ನಡುವೆ ‘ಶುರುವಾಯಿತು’ ಎಂದು ಎಕೋ ಹಾಕಿದರೆ ಡೇಟಾಬೇಸ್ ಏಳದಿದ್ದರೂ ಫಲಿತಾಂಶ ಸೊನ್ನೆ, ಅಂದರೆ ಎಲ್ಲ ಸರಿ. ರನ್ ಸ್ಕ್ರಿಪ್ಟ್ 1 ಎಂದು ಹೊರಬಂದರೆ ಪ್ಯಾಕೇಜ್ ಬೇರೆ ನೋಡಿಗೂ ಹೋಗುವುದಿಲ್ಲ. 2 ಎಂದರೆ ಮಾತ್ರ ಹೋಗಬಹುದು.

ಹೆಚ್ಚಿನ ಗೋಳು ಹಾಲ್ಟ್ ಭಾಗದ್ದು. ಒರಾಕಲ್ಲಿಗೆ ಬರೀ ಶಟ್‌ಡೌನ್ ಕೊಟ್ಟರೆ ಬಳಕೆದಾರರೆಲ್ಲ ಹೊರಹೋಗುವವರೆಗೆ ಅದು ಕಾಯುತ್ತದೆ. ಶಟ್‌ಡೌನ್ ಇಮಿಡಿಯೇಟ್ ಕೊಡಿ, ಮಿತಿ ಮೀರಿದರೆ ಅಬಾರ್ಟ್. ಆಮೇಲೆ ಅನ್‌ಮೌಂಟ್: ಯಾರೋ ಒಬ್ಬರು ಮೌಂಟ್ ಪಾಯಿಂಟಿನೊಳಗೆ ಸಿಡಿ ಕಮಾಂಡಿನಿಂದ ಹೊಕ್ಕು ಟರ್ಮಿನಲ್ ತೆರೆದಿಟ್ಟು ಊಟಕ್ಕೆ ಹೋಗಿದ್ದರೂ ಸಾಕು, ‘ಬ್ಯುಸಿ’ ಎನ್ನುತ್ತದೆ. ಎಷ್ಟು ಸಲ ಯತ್ನಿಸಬೇಕೆಂದು ಹೇಳುವ ಎಫ್ಎಸ್ ಅನ್‌ಮೌಂಟ್ ಕೌಂಟನ್ನು 1ರಿಂದ 3ಕ್ಕೆ ಏರಿಸಿ. ಹಾಲ್ಟ್ ಸೋತರೆ ಪ್ಯಾಕೇಜ್ ಎತ್ತಲೂ ಹೋಗದೆ ಅಲ್ಲೇ ಸಿಕ್ಕಿಬೀಳುತ್ತದೆ.

ಕಾನ್ಫಿಗರೇಶನ್ ಪರೀಕ್ಷಿಸುವ ಸಿಎಂಚೆಕ್‌ಕಾನ್ಫ್, ಜಾರಿಮಾಡುವ ಸಿಎಂಅಪ್ಲೈಕಾನ್ಫ್ ಹೊಡೆಯುವ ಮುಂಚೆ ಒಂದು ಮಾತು: ಅಪ್ಲೈ ಕಂಟ್ರೋಲ್ ಸ್ಕ್ರಿಪ್ಟನ್ನು ಇನ್ನೊಂದು ನೋಡಿಗೆ ಕಳಿಸುವುದಿಲ್ಲ. ನೀವೇ ಕಾಪಿ ಮಾಡಿ, ಎಕ್ಸಿಕ್ಯೂಟ್ ಅನುಮತಿ ಕೊಡಿ. ಸ್ವರ್ಣಾದಲ್ಲಿ ತಿದ್ದಿ ಸೀತಾದಲ್ಲಿ ಹಳೆಯದೇ ಉಳಿದರೆ ತಪ್ಪು ಗೊತ್ತಾಗುವುದು ಫೇಲ್‌ಓವರ್ ದಿನವೇ, ಅಂದರೆ ಪ್ಯಾಕೇಜ್ ಸೀತಾಕ್ಕೆ ಹಾರಬೇಕಾದ ದಿನ.

ಆಮೇಲೆ ಪ್ಯಾಕೇಜ್ ಎಬ್ಬಿಸುವ ಸಿಎಂರನ್‌ಪಿಕೆಜಿ. ಕೈಯಾರೆ ನಿಲ್ಲಿಸಿ ಶುರು ಮಾಡಿದ ಪ್ಯಾಕೇಜಿಗೆ ಸ್ವಿಚಿಂಗ್ (ತಾನಾಗಿ ಇನ್ನೊಂದು ನೋಡಿಗೆ ಹೋಗುವುದು) ಆಫ್ ಆಗಿರುತ್ತದೆ. ಸಿಎಂಮಾಡ್‌ಪಿಕೆಜಿಗೆ ‘ಇ’ ಆಯ್ಕೆ ಕೊಟ್ಟು ಮರಳಿ ಆನ್ ಮಾಡಿ, ಸಿಎಂವ್ಯೂಸಿಎಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬಹಳ ಮಂದಿ ಮರೆಯುವುದು ಇದನ್ನೇ.

ಪರೀಕ್ಷೆಯನ್ನು ಸಿಡಿಲಿನ ಕಾಲಕ್ಕೆ ಮುಂಚೆಯೇ, ರಜಾದಿನ ನೋಡಿ ಮಾಡಿ: ಪಿಮೋನ್ ಕೊಲ್ಲಿ, ಲ್ಯಾನ್ ಕೇಬಲ್ ಕೀಳಿ, ಒಂದು ನೋಡಿನ ಪವರ್ ತೆಗೆಯಿರಿ. ಎರಡೂ ನೋಡ್ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಮೊದಲು ಬೇರೆ ಮಾಡಿ. ಸೋತರೆ ಓದಬೇಕಾದದ್ದು ಸ್ಕ್ರಿಪ್ಟಿನ ಪಕ್ಕದಲ್ಲೇ ಅದರ ಹೆಸರಿನಲ್ಲಿ ಬೆಳೆಯುವ ಲಾಗ್ ಫೈಲ್, ಸೋತ ನೋಡಿನಲ್ಲಿರುವುದು.