ರೊಕ್ಕ ಬಂದಿತ್ತು, ನನ್ನ ಕೈಗೆ ಬಂದಿರಲಿಲ್ಲ

ರೋಣ ತಾಲ್ಲೂಕಿನ ನಮ್ಮೂರಿನಿಂದ ಬಿ.ಎಸ್ಸಿ. ಓದಲು ಧಾರವಾಡಕ್ಕೆ ಬಂದಾಗ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ. ಸೀಟು ಸಿಗಲಿಲ್ಲ. ಸಪ್ತಾಪುರದಲ್ಲಿ ಮೂವರು ಹುಡುಗಿಯರು ಕೂಡಿ ಒಂದು ಕೋಣೆ ಹಿಡಿದೆವು. ಮನೆಯಲ್ಲಿ ನಾಲ್ಕೆಕರೆ ಎರೆಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಅದರಲ್ಲಿ ನನ್ನ ಬಾಡಿಗೆ, ಊಟದ ಖರ್ಚು ಏಳುವಂತಿರಲಿಲ್ಲ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಬರುತ್ತದೆ ಎಂದು ಸೀನಿಯರ್ ಅಕ್ಕ ಒಬ್ಬರು ಹೇಳಿದರು.

ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ನಾವು ಎಸ್‌ಎಸ್‌ಪಿ ಅನ್ನುವುದರಲ್ಲಿ, ಹಾಕಬೇಕು. ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಕೇಳಿತು. ನನ್ನ ಹತ್ತಿರವಿದ್ದದ್ದು ಹೈಸ್ಕೂಲಿನಲ್ಲಿ ಮಾಡಿಸಿದ್ದು. ಅದರ ಆಯಸ್ಸು 5 ವರ್ಷ, ಆಗಲೇ ಮುಗಿದಿತ್ತು. ನಾಡಕಚೇರಿಗೆ ಹೋಗಿ ಹೊಸದು ಮಾಡಿಸುವಾಗ ಆಧಾರ್, ಮಾರ್ಕ್ಸ್‌ಕಾರ್ಡು ಎರಡನ್ನೂ ಮುಂದಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ ಕೂಡಿಸಿ ನೋಡಿದೆ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ ಅರ್ಜಿ ನಿಂತುಹೋದವರನ್ನು ನಮ್ಮ ತರಗತಿಯಲ್ಲೇ ಕಂಡಿದ್ದೆ.

ಅರ್ಜಿ ಮಂಜೂರಾಯಿತು. ರೊಕ್ಕ ಮಾತ್ರ ಬರಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಹಿಂದುಳಿದ ವರ್ಗಗಳ ಇಲಾಖೆಯ ಕಚೇರಿಗೆ ಹೋದರೆ ಅಲ್ಲಿದ್ದವರು ಕಂಪ್ಯೂಟರ್ ನೋಡಿ, "ಏ ತಂಗಿ, ಜಮಾ ಆಗೈತಿ ಅಂತ ತೋರಸಾಕತ್ತೈತಿ. ನಮ್ಮ ಕಡೆ ಕೆಲಸ ಮುಗದೈತಿ" ಅಂದರು.

"ಪಾಸ್‌ಬುಕ್ ಬರಸ್ಕೊಂಡ್ ಬಂದೇನ್ರಿ ಸರ್, ಒಂದ್ ರೂಪಾಯಿನೂ ಬಂದಿಲ್ಲ" ಅಂದೆ. ಅಳು ಬಂದುಬಿಟ್ಟಿತ್ತು. ಮನೆ ಮಾಲಕರಿಗೆ ಎರಡು ತಿಂಗಳ ಬಾಡಿಗೆ ಬಾಕಿ ಇತ್ತು.

ಆ ರೊಕ್ಕ ಎಲ್ಲಿ ಹೋಗಿತ್ತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿದ್ಯಾರ್ಥಿವೇತನ ನಾವು ಕೊಟ್ಟ ಖಾತೆ ಸಂಖ್ಯೆಗೆ ಬರುವುದಿಲ್ಲ, ಆಧಾರ್ ಸಂಖ್ಯೆಗೆ ಬರುತ್ತದೆ. ನಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನ ಹೆಸರಲ್ಲಿ ಎನ್‌ಪಿಸಿಐನಲ್ಲಿ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯಲ್ಲಿ, ಜೋಡಣೆ ಆಗಿರುತ್ತದೋ ಆ ಬ್ಯಾಂಕಿಗೆ ಹೋಗಿ ಬೀಳುತ್ತದೆ. ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟಿದ್ದೇನೆ, ಕೆವೈಸಿ ಆಗಿದೆ ಅಂದರೆ ಈ ಜೋಡಣೆ ಆಯಿತು ಎಂದಲ್ಲ. ಅದು ಬೇರೆ, ಇದು ಬೇರೆ. ಮೈಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಎಂದಿರುತ್ತದೆ. ಮೊಬೈಲಿಗೆ ಬಂದ ಒಟಿಪಿ ಹಾಕಿ ನೋಡಿದರೆ ನಾನು ಕಾಲಿಟ್ಟೇ ಇರದ ಬ್ಯಾಂಕಿನ ಹೆಸರು! ಪಿಯುಸಿ ಮುಗಿದಾಗ ಊರಿನ ಅಂಗಡಿಯಲ್ಲಿ ಸಿಮ್ ತಗೊಂಡಿದ್ದೆ. ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಆ ಎರಡನೆಯದರಲ್ಲಿ ನನ್ನ ಹೆಸರಲ್ಲೊಂದು ಖಾತೆ ತೆರೆದುಬಿಟ್ಟಿದ್ದರು.

ಊರಿಗೆ ಹೋಗಿ ನಮ್ಮ ಪೋಸ್ಟ್‌ಮ್ಯಾನ್ ಕಾಕಾನ ಹತ್ತಿರ, ಆಧಾರ್ ಜೋಡಣೆಯಾದ ಖಾತೆಯ ರೊಕ್ಕ ಕೊಡುವ ಮಷಿನ್ನಿಗೆ ಹೆಬ್ಬೆಟ್ಟು ಒತ್ತಿದೆ. 15,000 ಅಲ್ಲೇ ಇತ್ತು. ಎರಡು ದಿನದಲ್ಲಿ ಬಿಡಿಸಿಕೊಂಡೆ. ಆಮೇಲೆ ನನ್ನ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಅರ್ಜಿ ಕೊಟ್ಟು, ಸ್ಟೇಟಸ್ಸಿನಲ್ಲಿ ಬ್ಯಾಂಕಿನ ಹೆಸರು ಬದಲಾಗುವವರೆಗೂ ಬೆನ್ನು ಬಿಡಲಿಲ್ಲ.

ಎರಡನೇ ವರ್ಷ ಮತ್ತೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಹಾಜರಾತಿ ಶೇ. 75 ಇರಲೇಬೇಕು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ವಿಷಯವಾರು ಗೆರೆ ಎಳೆದು ಲೆಕ್ಕ ಇಟ್ಟೆ. 60 ತರಗತಿ ನಡೆದರೆ 15 ಮಾತ್ರ ತಪ್ಪಿಸಬಹುದು, ಜ್ವರ ಬಂದದ್ದೂ ಅದರಲ್ಲೇ. ಕಡಲೆ ಕೀಳುವಾಗ ಅವ್ವ ಫೋನ್ ಮಾಡಿದರೂ ಭಾನುವಾರ ಮಾತ್ರ ಹೋಗಿಬಂದೆ. ಕೋಣೆಯ ಗೆಳತಿ ಬ್ಯಾಡಗಿ ಕಡೆಯವಳು, ನನಗಿಂತ ಜಾಣೆ. ಪಿಯುಸಿ ಅಂಕದ ಮೇಲೆ ಅವಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಬರುತ್ತಿತ್ತು, ವರ್ಷಕ್ಕೆ 12,000. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಸಾಕು. ಆದರೆ ಅದನ್ನು ತಗೊಂಡವರು ಇನ್ನೊಂದನ್ನು ತಗೊಳ್ಳುವಂತಿಲ್ಲ. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಅಂಕಕ್ಕೇನೂ ಕಡಿಮೆ ಇರಲಿಲ್ಲ. ಮೆಣಸಿನಕಾಯಿ ಬಿಡಿಸಲು ಮನೆಯಲ್ಲಿ ಆಳು ಹಚ್ಚದ್ದಕ್ಕೆ ಮೂರು ವಾರ ಊರಲ್ಲಿ ಉಳಿದಳು. ಹಾಜರಾತಿ 71ಕ್ಕೆ ಬಂತು, ನವೀಕರಣ ಆಗಲಿಲ್ಲ. ಅವಳ ಅಪ್ಪ ಆ ಮೂರು ವಾರದ ಆಳಿನ ಕೂಲಿ ಲೆಕ್ಕ ಹಾಕಿದ್ದರೆ 12,000ಕ್ಕಿಂತ ಬಹಳ ಕಡಿಮೆಯೇ ಆಗುತ್ತಿತ್ತು. ನನಗೆ ಇವತ್ತಿಗೂ ಅದು ಹೊಟ್ಟೆಯಲ್ಲಿ ಚುಚ್ಚುತ್ತದೆ.

ರೈತ ವಿದ್ಯಾನಿಧಿ ನನಗೆ ಎರಡು ವರ್ಷ ತಪ್ಪಿತು. ರೈತರ ಮಕ್ಕಳಿಗೆಂದು 2021ರಲ್ಲಿ ರಾಜ್ಯದಲ್ಲಿ ಶುರುವಾದ ಯೋಜನೆ, ಡಿಗ್ರಿ ಓದುವ ಹುಡುಗಿಯರಿಗೆ 5,500, ಹುಡುಗರಿಗೆ 5,000. ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ನಮ್ಮ ಹೊಲದ ಉತಾರ, ಅಂದರೆ ಪಹಣಿ, ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. "ಅಣ್ಣತಮ್ಮರೊಳಗ ತಕರಾರಿಲ್ಲವ್ವ, ಯಾರ ಹೆಸರೀಲೆ ಇದ್ರೇನು?" ಅನ್ನುತ್ತಿದ್ದ ಅಪ್ಪನನ್ನು ಒಪ್ಪಿಸಿ ವಾರಸಾ ಮಾಡಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ಐಡಿ ತೆಗೆಸುವ ಹೊತ್ತಿಗೆ ನಾನು ಮೂರನೇ ವರ್ಷಕ್ಕೆ ಬಂದಿದ್ದೆ.

ಈ ಸಲ ಪಿಯುಸಿ ಫಲಿತಾಂಶ ಬಂದ ವಾರವೇ ನಮ್ಮ ಓಣಿಯ ಹುಡುಗಿ ಫೈಲ್ ಹಿಡಿದುಕೊಂಡು ಬಂದಳು. ಯಾವ ಕಾಲೇಜು ಎಂದು ಕೇಳುವ ಮೊದಲು ಅವಳ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿದೆ. 'ಇನ್ಆಕ್ಟಿವ್' ಎಂದಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಬ್ಯಾಂಕಿಗೆ ಹೋದೆವು.